ತಾರಸಿಯಲ್ಲಿ ನಾಲ್ಕು ಬಗೆ ಗೋಧಿ: ಎಲೆಯ ದುಡಿಮೆ ಅಳೆಯುವುದು, ತಳಿ ಕೂಡಿಸುವುದು ಹೇಗೆ?

ಬೆಂಗಳೂರಿನ ಸುತ್ತಮುತ್ತ ರಾಗಿ ಹೊಲ ಕಾಣಿಸುತ್ತದೆ, ಗೋಧಿ ಹೊಲ ಕಾಣಿಸುವುದಿಲ್ಲ. ಆದರೆ ನವೆಂಬರ್‌ನಿಂದ ಫೆಬ್ರುವರಿವರೆಗೆ ಇಲ್ಲಿನ ಹವೆ ಗೋಧಿಗೆ ಸಾಕಷ್ಟು ಒಗ್ಗುತ್ತದೆ. ಊರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿ ರಾತ್ರಿಗಳಲ್ಲಿ 15–16 ಡಿಗ್ರಿಗೆ ಇಳಿಯುತ್ತದೆ, ಹಗಲು 27ರ ಆಸುಪಾಸು. ತಾರಸಿಯ ಮೇಲೆ ಹನ್ನೆರಡು ಕ್ರೇಟ್ ಇಡುವ ಜಾಗ, ದಿನಕ್ಕೆ ಆರು ಗಂಟೆ ಬಿಸಿಲು ಇದ್ದರೆ ನಾಲ್ಕು ಬಗೆಯ ಗೋಧಿಯನ್ನು ಪಕ್ಕಪಕ್ಕದಲ್ಲಿ ಬೆಳೆದು ನೋಡಬಹುದು. ಪಿಯುಸಿ, ಬಿಎಸ್ಸಿ ಮಕ್ಕಳಿಗೆ ಪ್ರಾಜೆಕ್ಟ್ ಹುಡುಕುವ ಮೇಷ್ಟ್ರಿಗೂ, ಕೈತೋಟದವರಿಗೂ ಇದು ಕೈಗೆಟುಕುವ ಕೆಲಸ.

ಏಕೆ ಮಾಡಬೇಕು? ಗೋಧಿಯ ಇಳುವರಿ ಕಳೆದ ಅರವತ್ತು ವರ್ಷಗಳಲ್ಲಿ ಹೆಚ್ಚಿದ್ದು ಹೇಗೆ ಅಂತ ಕೇಳಿದರೆ ಗೊಬ್ಬರ, ನೀರು, ಹೊಸ ತಳಿ ಅನ್ನುತ್ತೇವೆ. ಹೊಸ ತಳಿ ಮಾಡಿದ್ದಾದರೂ ಏನು? ಜಪಾನಿನ ನೊರಿನ್ 10 ಎಂಬ ಗೋಧಿಯಿಂದ ಬಂದ ಗಿಡ್ಡ ಜೀನ್‌ಗಳನ್ನು ತಳಿ ವಿಜ್ಞಾನಿ ನಾರ್ಮನ್ ಬೊರ್ಲಾಗ್ ಮೆಕ್ಸಿಕೊದಲ್ಲಿ ತಮ್ಮ ತಳಿಗಳಿಗೆ ಸೇರಿಸಿದರು. 1963ರಲ್ಲಿ ಆ ಬೀಜ ಭಾರತಕ್ಕೆ ಬಂತು. ಸೊನೊರಾ 64, ಲೆರ್ಮಾ ರೊಹೊ 64, ಆಮೇಲೆ ಕಲ್ಯಾಣ್ ಸೋನಾ, ಸೋನಾಲಿಕಾ ಎಂಬ ತಳಿಗಳು ಬಂದವು. ಗಿಡ ಗಿಡ್ಡವಾಯಿತು, ಗೊಬ್ಬರ ಕೊಟ್ಟರೂ ನೆಲಕ್ಕೆ ಮಲಗಲಿಲ್ಲ, ಹುಲ್ಲಿಗೆ ಹೋಗುತ್ತಿದ್ದ ಆಹಾರ ಕಾಳಿಗೆ ಹೋಯಿತು. ಅಂದರೆ ಎಲೆ ಮಾಡುವ ಒಟ್ಟು ದುಡಿಮೆ ಅಷ್ಟೇನೂ ಹೆಚ್ಚಲಿಲ್ಲ, ಅದರ ಹಂಚಿಕೆ ಬದಲಾಯಿತು. ಹಳೆಯ ಎತ್ತರದ ಗೋಧಿಯಲ್ಲಿ ಗಿಡದ ಒಣ ತೂಕದ ಸುಮಾರು ಮೂರನೇ ಒಂದು ಭಾಗ ಕಾಳಾಗುತ್ತಿತ್ತು. ಈಗಿನ ಒಳ್ಳೆಯ ತಳಿಗಳಲ್ಲಿ ಅದು ಅರ್ಧದ ಹತ್ತಿರ ಬಂದಿದೆ. ಇದು ಹೆಚ್ಚೆಂದರೆ ಶೇ 60ರ ಆಸುಪಾಸಿಗೆ ಹೋದೀತು ಎಂಬುದು ಲೆಕ್ಕ. ಗಿಡ ನಿಲ್ಲಬೇಕಾದರೆ ದಂಟು ಬೇಕು, ಎಲೆ ಬೇಕು, ಅಲ್ವಾ?

ಹಾಗಾಗಿ ಇನ್ನು ಮುಂದೆ ಹೆಚ್ಚಬೇಕಾದದ್ದು ಎಲೆಯ ದುಡಿಮೆಯೇ. ಬಿಸಿಲನ್ನು ಹಿಡಿದು ಸಕ್ಕರೆ ಮಾಡುವ ದ್ಯುತಿಸಂಶ್ಲೇಷಣೆ ಎಲ್ಲ ಗೋಧಿಯಲ್ಲೂ ಒಂದೇ ಸಮ ನಡೆಯುವುದಿಲ್ಲ. ತಳಿಯಿಂದ ತಳಿಗೆ ವ್ಯತ್ಯಾಸ ಇದೆ. ಆ ವ್ಯತ್ಯಾಸ ಕಣ್ಣಿಗೆ ಬೀಳಬೇಕಾದರೆ ಬೇರೆಬೇರೆ ತಳಿಗಳು ಒಂದೇ ಬಿಸಿಲು, ಒಂದೇ ಮಣ್ಣು, ಒಂದೇ ನೀರಿನಲ್ಲಿ ಬೆಳೆಯಬೇಕು. ನಾಟಿ ಬೀಜವನ್ನು ಡಬ್ಬಿಯಲ್ಲಿ ಕಾಪಾಡುವುದು ಬೇಕೇ ಬೇಕು. ಆದರೆ ಬೆಳೆದು ಅಳೆಯದಿದ್ದರೆ ಅದರೊಳಗೆ ಏನಿದೆ ಎಂದು ಯಾರಿಗೂ ತಿಳಿಯುವುದಿಲ್ಲ.

ಯಾವ ಗೋಧಿಗಳನ್ನು ಆರಿಸಬೇಕು

ನಾಲ್ಕು ಬಗೆ ಸಾಕು. ಆರಿಸುವಾಗ ಒಂದಕ್ಕೊಂದು ದೂರದ ನೆಂಟರಾಗಿರಲಿ.

ಮೊದಲನೆಯದು ಜವೆ ಗೋಧಿ. ಸದಕ, ಖಪ್ಲಿ ಎಂದೂ ಹೆಸರಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡದ ಕಡೆ ಹುಗ್ಗಿಗೆ, ಮಾದಲಿಗೆ ಇದೇ ಬೇಕು. ಕಾಳು ಹೊಟ್ಟನ್ನು ಸುಲಭವಾಗಿ ಬಿಡುವುದಿಲ್ಲ, ಅದೇ ಇದರ ಗುರುತು. ಎನ್‌ಪಿ 200 ಹಳೆಯ ಎತ್ತರದ ತಳಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ 1025, ಡಿಡಿಕೆ 1029 ಈಚಿನವು. ಈ ಗೋಧಿಯನ್ನು ನಾನು ಮೊದಲು ಹೇಳುವುದಕ್ಕೆ ಕಾರಣವಿದೆ. ಕಾಂಡ ತುಕ್ಕು ರೋಗ ತಡೆಯುವ ಎಸ್‌ಆರ್ 13, ಎಸ್‌ಆರ್ 14 ಜೀನ್‌ಗಳನ್ನು ಜಗತ್ತಿನ ತಳಿ ವಿಜ್ಞಾನಿಗಳು ಪಡೆದದ್ದು ಖಪ್ಲಿಯಿಂದ. ನಮ್ಮವರು ಹಬ್ಬಕ್ಕೆ ಅಂತ ಬಿತ್ತುತ್ತಾ ಉಳಿಸಿಕೊಂಡು ಬಂದ ಗೋಧಿ ಬೇರೆ ಖಂಡಗಳ ಬೆಳೆಯನ್ನು ಕಾಪಾಡಿದೆ.

ಎರಡನೆಯದು ಡ್ಯೂರಂ. ಉಪ್ಪಿಟ್ಟಿನ ಬನ್ಸಿ ರವೆ ಬರುವುದು ಈ ಜಾತಿಯಿಂದ. ಬಿಜಗಾ ಯೆಲ್ಲೋ ಹಳೆಯದು, ಯುಎಎಸ್ 428 ಹೊಸದು. ಮೂರನೆಯದು ಚಪಾತಿ ಗೋಧಿಯ ಗಿಡ್ಡ ತಳಿ, ಯುಎಎಸ್ 304 ಅಥವಾ ಡಿಡಬ್ಲ್ಯುಆರ್ 162. ನಾಲ್ಕನೆಯದು ಚಪಾತಿ ಗೋಧಿಯಲ್ಲೇ ಎತ್ತರದ ಹಳೆಯ ತಳಿ. ಸಿ 306 ಸಿಕ್ಕರೆ ಒಳ್ಳೆಯದು. ಅಂಗಡಿಯಲ್ಲಿ ಶರಬತಿ ಎಂದು ಮಾರುವುದೆಲ್ಲ ಒಂದೇ ತಳಿಯಲ್ಲ, ಆ ಹೆಸರನ್ನು ನಂಬಿ ಲೆಕ್ಕ ಬರೆಯಬೇಡಿ.

ಜವೆ ಗೋಧಿಗೂ ಡ್ಯೂರಂಗೂ 28 ಕ್ರೋಮೋಸೋಮ್. ಚಪಾತಿ ಗೋಧಿಗೆ 42. ಸುಮಾರು ಎಂಟು–ಹತ್ತು ಸಾವಿರ ವರ್ಷದ ಹಿಂದೆ ಕ್ಯಾಸ್ಪಿಯನ್ ಸಮುದ್ರದ ದಕ್ಷಿಣದಲ್ಲಿ 28ರ ಗೋಧಿಯೊಂದು ಈಜಿಲೋಪ್ಸ್ ಎಂಬ ಕಾಡು ಹುಲ್ಲಿನ ಜೊತೆ ತಾನಾಗಿಯೇ ಕೂಡಿ ಚಪಾತಿ ಗೋಧಿ ಹುಟ್ಟಿತು. ಹಾಗೆ ಕೂಡಿದ್ದು ಕೆಲವೇ ಸಲ. ಅದಕ್ಕೇ ಆ ಹುಲ್ಲಿನಿಂದ ಬಂದ ಭಾಗದಲ್ಲಿ ವೈವಿಧ್ಯ ಬಹಳ ಕಡಿಮೆ. ಮೆಕ್ಸಿಕೊದಲ್ಲಿರುವ ಗೋಧಿ, ಮೆಕ್ಕೆಜೋಳ ಸಂಶೋಧನೆಯ ಸಿಮಿಟ್ ಸಂಸ್ಥೆ ಡ್ಯೂರಂ ಗೋಧಿಯನ್ನು ಅದೇ ಹುಲ್ಲಿನ ಜೊತೆ ಮತ್ತೆ ಮತ್ತೆ ಕೂಡಿಸಿ ಹೊಸ ಗೋಧಿ ಮಾಡುತ್ತಿರುವುದು ಈ ಕೊರತೆ ತುಂಬಲಿಕ್ಕೆ. ಇನ್ನೊಂದು ಕಡೆ, ಇಂಗ್ಲೆಂಡಿನ ವಾಟ್ಕಿನ್ಸ್ ಎಂಬವರು 1920–30ರ ದಶಕಗಳಲ್ಲಿ 32 ದೇಶಗಳಿಂದ ಕೂಡಿಸಿಟ್ಟ 827 ನಾಟಿ ಗೋಧಿಗಳ ಜೀನ್ ಓದಿದ ಫಲಿತಾಂಶ 2024ರಲ್ಲಿ ಬಂತು. ನಾಟಿ ಗೋಧಿಗಳಲ್ಲಿ ಏಳು ಗುಂಪು ಕಂಡವು. ಈಗಿನ ಆಧುನಿಕ ತಳಿಗಳ ಬೇರು ಹೆಚ್ಚಾಗಿ ಎರಡೇ ಗುಂಪಿನಲ್ಲಿ. ಉಳಿದ ಐದು ಗುಂಪುಗಳ ಗುಣ ಹೆಚ್ಚುಕಮ್ಮಿ ಬಳಕೆಯಾಗದೆ ಕೂತಿದೆ.

ಬೀಜ ಮತ್ತು ತಿಂಗಳು

ಧಾರವಾಡದ ಕೃಷಿ ಮೇಳ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ನಡೆಯುತ್ತದೆ. ಹೆಸರು ಗೊತ್ತಿರುವ ಬೀಜ ತರಲು ಅದೇ ಸರಿಯಾದ ಸಮಯ. ಆ ಕಡೆ ನೆಂಟರಿದ್ದರೆ ಅರ್ಧ ಕೆಜಿ ಜವೆ ಗೋಧಿಯನ್ನು ಹೊಟ್ಟಿನ ಸಮೇತ ಕಳಿಸಲು ಹೇಳಿ. ಗಿರಣಿಯಲ್ಲಿ ಹೊಟ್ಟು ತೆಗೆಸುವಾಗ ಎಷ್ಟೋ ಕಾಳಿನ ಮೊಳಕೆಗೆ ಪೆಟ್ಟು ಬಿದ್ದಿರುತ್ತದೆ. ದಿನಸಿ ಅಂಗಡಿಯ ಗೋಧಿಯೂ ಮೊಳೆಯುತ್ತದೆ, ಆದರೆ ಅದು ಕಲಬೆರಕೆ. ಅದನ್ನು ಸಾಲಿನ ತುದಿಗೆ ಬೇಲಿಗಿಡವಾಗಿ ಬಳಸಿ. ವಿದೇಶದಿಂದ ಯಾರಾದರೂ ತಂದುಕೊಟ್ಟ ಚಳಿಗಾಲದ ಗೋಧಿ ಬೇಡ. ಅದಕ್ಕೆ ವಾರಗಟ್ಟಲೆ ಕೊರೆಯುವ ಚಳಿ ಸಿಗದಿದ್ದರೆ ಹುಲ್ಲಾಗಿಯೇ ಉಳಿಯುತ್ತದೆ, ತೆನೆ ಬಿಡುವುದಿಲ್ಲ.

ಬಿತ್ತುವ ಮೊದಲು ಪ್ರತಿ ಬಗೆಯಿಂದ ಐವತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನಾಲ್ಕು ದಿನ ಬಿಡಿ. ನಲವತ್ತಕ್ಕಿಂತ ಕಡಿಮೆ ಮೊಳೆತರೆ ಬೇರೆ ಬೀಜ ಹುಡುಕಿ.

ಬಿತ್ತನೆ ನವೆಂಬರ್ ಮೊದಲ ಹದಿನೈದು ದಿನದಲ್ಲಿ ಆಗಬೇಕು. ಜನವರಿ ನಡುವಿಗೆ ಹೂ, ಫೆಬ್ರುವರಿ ಕೊನೆಗೆ ಕೊಯ್ಲು. ಡಿಸೆಂಬರ್‌ಗೆ ತಳ್ಳಿದರೆ ಕಾಳು ತುಂಬುವ ಹೊತ್ತಿಗೆ ಮಾರ್ಚ್ ಬಿಸಿಲು ಬಂದುಬಿಡುತ್ತದೆ. ಎಲೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಹಿಡಿಯುವ ಕಿಣ್ವ ರುಬಿಸ್ಕೊ. ಅದನ್ನು ಚಾಲೂ ಇಡುವ ಇನ್ನೊಂದು ಪ್ರೋಟೀನ್ ಶಾಖಕ್ಕೆ ಬಹಳ ಬೇಗ ಸೋಲುತ್ತದೆ. ಎಲೆ ಹಸಿರಾಗಿಯೇ ಕಾಣುತ್ತಿರುತ್ತದೆ, ಒಳಗೆ ಕೆಲಸ ಕುಂಟುತ್ತದೆ, ಕಾಳು ಜೊಳ್ಳಾಗುತ್ತದೆ.

ಕ್ರೇಟ್, ಮಣ್ಣು, ಜಾಗ

ಹಣ್ಣಿನ ವ್ಯಾಪಾರಿಗಳು ಬಳಸುವ ಪ್ಲಾಸ್ಟಿಕ್ ಕ್ರೇಟ್ ಚೆನ್ನಾಗಿ ಒದಗುತ್ತದೆ. 60 ಸೆಂಟಿಮೀಟರ್ ಉದ್ದ, 40 ಅಗಲ, 30 ಆಳ ಇರಲಿ. ಒಳಗೆ ಹಸಿರು ಶೇಡ್ ನೆಟ್ ಹಾಸಿ. ಪ್ರತಿ ಬಗೆಗೆ ಮೂರರಂತೆ ಹನ್ನೆರಡು ಕ್ರೇಟ್. ಒಂದೊಂದೇ ಕ್ರೇಟ್ ಇಟ್ಟು ಹೋಲಿಸಿದರೆ ಆ ವ್ಯತ್ಯಾಸ ತಳಿಯದೋ ಜಾಗದ್ದೋ ಎಂದು ಹೇಳಲು ಆಗುವುದಿಲ್ಲ.

ತೂಕದ ಬಗ್ಗೆ ಎಚ್ಚರ ಬೇಕು. ಈ ಅಳತೆಯ ಕ್ರೇಟಿನಲ್ಲಿ ಬರೀ ಕೆಂಪು ಮಣ್ಣು ತುಂಬಿ ನೀರು ಹಾಕಿದರೆ ಒಂದೊಂದೂ ನೂರು ಕೆಜಿ ದಾಟುತ್ತದೆ. ಹನ್ನೆರಡು ಸೇರಿದರೆ ಟನ್‌ಗಿಂತ ಜಾಸ್ತಿ. ಮಣ್ಣು ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು, ಎರೆಗೊಬ್ಬರ ಒಂದು ಪಾಲು ಬೆರೆಸಿದರೆ ಹಗುರವಾಗುತ್ತದೆ. ಬೆಂಗಳೂರಿನ ಸಿದ್ದಾಪುರದ ನರ್ಸರಿಗಳಲ್ಲಿ ಮೂರೂ ಸಿಗುತ್ತವೆ. ಕ್ರೇಟ್‌ಗಳನ್ನು ತಾರಸಿಯ ನಡುವೆ ಗುಡ್ಡೆ ಹಾಕದೆ ಗೋಡೆ, ತೊಲೆ ಇರುವ ಸಾಲಿನಲ್ಲಿ ಹರಡಿ. ಹಳೆಯ ಮನೆಯಾದರೆ ಇಂಜಿನಿಯರ್ ಒಬ್ಬರನ್ನು ಕೇಳಿಯೇ ಮುಂದುವರಿಯಿರಿ. ಬಾಡಿಗೆ ಮನೆಯಾದರೆ ಓನರ್‌ಗೂ ಹೇಳಿ.

ಡಿಸೆಂಬರ್‌ನಲ್ಲಿ ನಮ್ಮ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ನೀರಿನ ಟ್ಯಾಂಕಿನ, ಮೆಟ್ಟಿಲ ಕೋಣೆಯ ನೆರಳು ಉತ್ತರಕ್ಕೆ ಬೀಳುತ್ತದೆ. ಹಾಗಾಗಿ ಉತ್ತರ ಭಾಗವನ್ನು ಬಿಟ್ಟು ಜಾಗ ಆರಿಸಿ. ಜಾಗವನ್ನು ಮೂರು ಪಟ್ಟಿ ಮಾಡಿಕೊಳ್ಳಿ. ಪ್ರತಿ ಪಟ್ಟಿಯಲ್ಲೂ ನಾಲ್ಕೂ ಬಗೆಯ ಒಂದೊಂದು ಕ್ರೇಟ್ ಬರಬೇಕು. ಪಟ್ಟಿಯೊಳಗೆ ಯಾವುದು ಎಲ್ಲಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಕೈಯಾರೆ ಜೋಡಿಸಿದರೆ ಗೊತ್ತಿಲ್ಲದೆ ನಮ್ಮ ಮೆಚ್ಚಿನ ತಳಿಗೆ ಒಳ್ಳೆಯ ಜಾಗ ಕೊಟ್ಟುಬಿಡುತ್ತೇವೆ. ಸಾಲಿನ ಎರಡೂ ತುದಿಗೆ ಅಂಗಡಿ ಗೋಧಿ ಬಿತ್ತಿದ ಕುಂಡಗಳನ್ನಿಡಿ. ಅಂಚಿನ ಗಿಡಕ್ಕೆ ಬೆಳಕು ಹೆಚ್ಚು ಸಿಗುತ್ತದೆ, ಆ ಲಾಭ ಲೆಕ್ಕಕ್ಕೆ ಬರಬಾರದು.

ಕ್ರೇಟಿಗೆ ಎರಡು ಸಾಲು, ಸಾಲಿನ ನಡುವೆ 20 ಸೆಂಟಿಮೀಟರ್. ಸಾಲಿನಲ್ಲಿ 3 ಸೆಂಟಿಮೀಟರಿಗೆ ಒಂದು ಗಿಡ. ಒಟ್ಟು ನಲವತ್ತು ಗಿಡ. ಕಾಳು 3–4 ಸೆಂಟಿಮೀಟರ್ ಆಳಕ್ಕಿರಲಿ. ಎರಡೆರಡು ಕಾಳು ಹಾಕಿ ಹತ್ತನೇ ದಿನ ಒಂದನ್ನು ಕಿತ್ತುಬಿಡಿ.

ಗೊಬ್ಬರಕ್ಕೆ ಹೆಕ್ಟೇರಿಗೆ 100 ಕೆಜಿ ಸಾರಜನಕ ಎಂಬ ಲೆಕ್ಕ ಹಿಡಿದರೆ ಒಂದು ಕ್ರೇಟಿಗೆ ಸುಮಾರು 5 ಗ್ರಾಂ ಯೂರಿಯಾ. ಅರ್ಧ ಬಿತ್ತುವಾಗ, ಅರ್ಧ ತೆಂಡೆ (ಬುಡದಿಂದ ಬರುವ ಪಕ್ಕದ ದಂಟು) ಒಡೆಯುವಾಗ. ಎರೆಗೊಬ್ಬರ ಮಾತ್ರ ಸಾಕು ಎನ್ನುವವರು ಹಾಗೇ ಮಾಡಿ, ಆದರೆ ತೂಕ ಮಾಡಿ ಎಲ್ಲ ಕ್ರೇಟಿಗೂ ಸಮ ಹಾಕಿ. ನೀರೂ ಅಷ್ಟೇ, ಮಗ್‌ನಲ್ಲಿ ಅಳೆದು. ಬಿತ್ತಿದ ಇಪ್ಪತ್ತೊಂದನೇ ದಿನದ ಹೊತ್ತಿಗೆ ಬುಡದಲ್ಲಿ ಮುಖ್ಯ ಬೇರುಗಳು ಹೊರಡುತ್ತವೆ. ಆಗ ಮಣ್ಣು ಒಣಗಿದರೆ ತೆಂಡೆ ಕಡಿಮೆಯಾಗುತ್ತದೆ, ಆಮೇಲೆ ಎಷ್ಟು ನೀರು ಹಾಕಿದರೂ ಸರಿಹೋಗುವುದಿಲ್ಲ.

ಪಾರಿವಾಳ, ಗಿಳಿ, ಅಳಿಲು ಬಿಡುವುದಿಲ್ಲ. ತೆನೆ ಬರುವ ಮೊದಲೇ ಬಲೆ ಕಟ್ಟಿ. ಗಿಡಹೇನು ಬಂದರೆ ನೀರು ಚಿಮ್ಮಿಸಿ ತೊಳೆಯಿರಿ. ಎಲೆ ಮೇಲೆ ಕಂದು ಪುಡಿ ಕಂಡರೆ ಅದು ತುಕ್ಕು ರೋಗ. ಅದರ ಬೀಜಕಣಗಳು ನೀಲಗಿರಿ, ಪಳನಿ ಬೆಟ್ಟಗಳಲ್ಲಿ ಬದುಕುಳಿದು ಗಾಳಿಯಲ್ಲಿ ಬಯಲಿಗೆ ಬರುತ್ತವೆ. ಯಾವ ತಳಿಗೆ ಮೊದಲು ಬಂತು, ಯಾವುದಕ್ಕೆ ಬರಲೇ ಇಲ್ಲ ಎಂದು ಬರೆದಿಡಿ.

ಎಲೆಯನ್ನು ಅಳೆಯುವುದು

ಹೊಡೆ ಬಿಚ್ಚಿ ತೆನೆ ಹೊರಬರುವ ಮುಂಚೆ ಬರುವ ಕೊನೆಯ ಎಲೆಗೆ ಧ್ವಜ ಎಲೆ ಎಂದು ಹೆಸರು. ಕಾಳು ತುಂಬುವಾಗ ಬೇಕಾಗುವ ಸಕ್ಕರೆಯ ದೊಡ್ಡ ಪಾಲು ಇದರಿಂದ ಬರುತ್ತದೆ. ಪ್ರತಿ ಕ್ರೇಟಿನಲ್ಲಿ ಸಾಲಿನ ಒಳಗಿನ ಐದು ಗಿಡ ಆರಿಸಿ ಮುಖ್ಯ ದಂಟಿಗೆ ಉಣ್ಣೆ ದಾರ ಕಟ್ಟಿ. ಅವುಗಳನ್ನೇ ಕೊನೆವರೆಗೆ ಅಳೆಯಬೇಕು.

ಉದ್ದ, ಅತಿ ಹೆಚ್ಚಿನ ಅಗಲ ಗುಣಿಸಿ, 0.75ರಿಂದ ಮತ್ತೆ ಗುಣಿಸಿದರೆ ಎಲೆಯ ವಿಸ್ತೀರ್ಣ ಹತ್ತಿರ ಹತ್ತಿರ ಸಿಗುತ್ತದೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಜನಕ್ಕಿದೆ. ಎಲೆ ದೊಡ್ಡದಾದರೆ ದುಡಿಮೆ ಜಾಸ್ತಿ ಅಂದುಕೊಳ್ಳುತ್ತಾರೆ. 1970ರಲ್ಲೇ ಆಸ್ಟ್ರೇಲಿಯಾದ ಇವಾನ್ಸ್ ಮತ್ತು ಡನ್‌ಸ್ಟೋನ್ ಕಾಡು ಗೋಧಿಗಳಿಂದ ಹಿಡಿದು ಆಧುನಿಕ ತಳಿಗಳವರೆಗೆ ಅಳೆದು ತೋರಿಸಿದರು: ಒಂದೊಂದು ಚದರ ಸೆಂಟಿಮೀಟರ್ ಲೆಕ್ಕದಲ್ಲಿ ಕಾಡು ಗೋಧಿಯ ಪುಟ್ಟ ಎಲೆಯೇ ಹೆಚ್ಚು ಚುರುಕು. ಕೃಷಿಗೆ ಬರುತ್ತಾ ಬರುತ್ತಾ ಎಲೆ ಅಗಲವಾಯಿತು, ಚುರುಕು ತೆಳುವಾಯಿತು. ಎರಡನ್ನೂ ಒಂದೇ ಗಿಡದಲ್ಲಿ ತರುವುದೇ ಕಷ್ಟದ ಕೆಲಸ. ಆದ್ದರಿಂದ ಬರೀ ವಿಸ್ತೀರ್ಣ ನೋಡಿ ತೀರ್ಪು ಕೊಡಬೇಡಿ.

ಚುರುಕನ್ನು ನೇರವಾಗಿ ಅಳೆಯಲು ಎಲೆಯನ್ನು ಪುಟ್ಟ ಪೆಟ್ಟಿಗೆಯಲ್ಲಿ ಹಿಡಿದು ಕಾರ್ಬನ್ ಡೈಆಕ್ಸೈಡ್ ಲೆಕ್ಕ ಹಾಕುವ ಯಂತ್ರ ಬೇಕು. ಅದರ ಬೆಲೆ ಲಕ್ಷಗಟ್ಟಲೆ. ಮನೆಯಲ್ಲಿ ಎರಡು ಸುತ್ತುದಾರಿಗಳಿವೆ.

ಒಂದು, ಎಲೆಯ ತಾಪ. ಎಸ್‌ಪಿ ರಸ್ತೆಯಲ್ಲಿ ಸಿಗುವ ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು. ಎಲೆಯ ಪತ್ರರಂಧ್ರಗಳು ತೆರೆದಿದ್ದರೆ ಕಾರ್ಬನ್ ಡೈಆಕ್ಸೈಡ್ ಒಳಗೆ ಬರುತ್ತದೆ, ನೀರಾವಿ ಹೊರಗೆ ಹೋಗುತ್ತದೆ, ಎಲೆ ತಂಪಾಗುತ್ತದೆ. ಮೆಕ್ಸಿಕೊದಲ್ಲಿ 1962ರಿಂದ 1988ರ ನಡುವೆ ಬಂದ ಎಂಟು ತಳಿಗಳನ್ನು ಒಟ್ಟಿಗೆ ಬೆಳೆದು ನೋಡಿದಾಗ ಹೆಚ್ಚು ಇಳುವರಿಯ ಹೊಸ ತಳಿಗಳ ರಂಧ್ರ ಹೆಚ್ಚು ತೆರೆದಿತ್ತು, ಎಲೆ ಹೆಚ್ಚು ತಂಪಾಗಿತ್ತು. ಆ ಗುಣಕ್ಕಾಗಿ ಯಾರೂ ಆರಿಸಿರಲಿಲ್ಲ, ಇಳುವರಿಗೆ ಆರಿಸಿದಾಗ ಜೊತೆಗೆ ಬಂದಿತ್ತು. ಈಗ ಅದನ್ನೇ ಆಯ್ಕೆಗೆ ಬಳಸುತ್ತಾರೆ.

ಅಳೆಯುವ ಬಗೆ ಹೀಗೆ. ಹಿಂದಿನ ಸಂಜೆ ಮತ್ತು ಬೆಳಿಗ್ಗೆ ಎಲ್ಲ ಕ್ರೇಟಿಗೂ ಸಮ ನೀರು. ಮೋಡವಿಲ್ಲದ, ಗಾಳಿ ಬೀಸದ ದಿನ, 12ರಿಂದ 2ರ ಒಳಗೆ ಎಲ್ಲವನ್ನೂ ಮುಗಿಸಿ. ಸೂರ್ಯನಿಗೆ ಬೆನ್ನು ಮಾಡಿ, ನಿಮ್ಮ ನೆರಳು ಗಿಡದ ಮೇಲೆ ಬೀಳದಂತೆ ನಿಲ್ಲಿ. ಯಂತ್ರವನ್ನು ಓರೆಯಾಗಿ ಹಿಡಿದು ಎಲೆಯ ಗುಂಪಿನ ಮೇಲೆಯೇ ಗುರಿಯಿಡಿ. ಮಣ್ಣು ಅಥವಾ ಸಿಮೆಂಟು ಅದರ ಕಣ್ಣಿಗೆ ಬಿದ್ದರೆ ಓದು ಹಲವು ಡಿಗ್ರಿ ಮೇಲೆ ಹೋಗುತ್ತದೆ. ಒಂದು ಪಟ್ಟಿಯ ನಾಲ್ಕು ಕ್ರೇಟ್ ಮುಗಿಸಿ ಆಮೇಲೆ ಮುಂದಿನ ಪಟ್ಟಿ. ತಳಿಗಳ ನಡುವೆ ಒಂದೆರಡು ಡಿಗ್ರಿ ವ್ಯತ್ಯಾಸ ಸಿಕ್ಕರೆ ಅದು ದೊಡ್ಡದೇ. ಬೇರೆ ಬೇರೆ ದಿನ ಅಳೆದಾಗಲೂ ಅದೇ ತಳಿ ತಂಪಾಗಿದ್ದರೆ ಮಾತ್ರ ನಂಬಿ.

ಎರಡು, ಹಸಿರು ಎಷ್ಟು ದಿನ ಉಳಿಯುತ್ತದೆ ಎಂಬುದು. ಭತ್ತಕ್ಕೆ ಬಳಸುವ ಎಲೆ ಬಣ್ಣದ ಪಟ್ಟಿ ಗೋಧಿಗೂ ನಡೆಯುತ್ತದೆ. ಹೂ ಬಂದ ದಿನದಿಂದ ನಾಲ್ಕು ದಿನಕ್ಕೊಮ್ಮೆ ಧ್ವಜ ಎಲೆಯ ಬಣ್ಣ ನೋಡಿ, ಎಷ್ಟು ಪಾಲು ಹಸಿರಿದೆ ಎಂದು ಬರೆಯಿರಿ. ಪ್ರತಿ ತಳಿಗೂ ಅದರದ್ದೇ ಹೂವಿನ ದಿನದಿಂದ ಎಣಿಸಬೇಕು. ಕ್ಯಾಲೆಂಡರ್ ತಾರೀಕಿನಿಂದ ಎಣಿಸಿದರೆ ತಡವಾಗಿ ಹೂ ಬಿಟ್ಟ ತಳಿ ಸುಮ್ನೆ ಗೆದ್ದಂತೆ ಕಾಣುತ್ತದೆ.

ಎಲೆ ಕಡಿಮೆಯೋ, ಕಾಳು ಕಡಿಮೆಯೋ?

ಈ ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ. ಎಲೆ ಎಷ್ಟೇ ದುಡಿದರೂ ತುಂಬಿಸಿಕೊಳ್ಳಲು ಕಾಳು ಇಲ್ಲದಿದ್ದರೆ ಇಳುವರಿ ಏರುವುದಿಲ್ಲ. ಅನೇಕ ಆಧುನಿಕ ಗೋಧಿಗಳಲ್ಲಿ ಇದೇ ಪರಿಸ್ಥಿತಿ.

ಹೂ ಮುಗಿದು ಒಂದು ವಾರ–ಹತ್ತು ದಿನ ಆದಮೇಲೆ ಪ್ರತಿ ಕ್ರೇಟಿನಲ್ಲಿ ದಾರ ಕಟ್ಟದ ಗಿಡಗಳಲ್ಲಿ ಒಂದೇ ದಿನ ಹೂ ಬಂದ ಒಂಬತ್ತು ತೆನೆ ಆರಿಸಿ. ಮೂರನ್ನು ಹಾಗೇ ಬಿಡಿ. ಮೂರರಲ್ಲಿ ಧ್ವಜ ಎಲೆಯನ್ನು ಬುಡದಲ್ಲಿ ಕತ್ತರಿಸಿ. ಉಳಿದ ಮೂರರಲ್ಲಿ ತೆನೆಯ ಒಂದು ಬದಿಯ ಕಿರುತೆನೆಗಳನ್ನೆಲ್ಲ (ತೆನೆಯ ಎರಡೂ ಬದಿಗೆ ಜೋಡಿಸಿಕೊಂಡಿರುವ ಪುಟ್ಟ ಹೂಗುಚ್ಛಗಳು) ಚಿಮಟದಿಂದ ಕಿತ್ತುಹಾಕಿ. ಬಣ್ಣದ ದಾರದಿಂದ ಗುರುತಿಡಿ.

ಕೊಯ್ದ ಮೇಲೆ ಒಂದೊಂದು ಕಾಳಿನ ಸರಾಸರಿ ತೂಕ ನೋಡಿ. ಮುಟ್ಟದ ತೆನೆಯಲ್ಲೂ ಒಂದೇ ಬದಿಯ ಕಾಳನ್ನು ತೂಗಿ ಹೋಲಿಸಿ. ಅರ್ಧ ಕಿತ್ತ ತೆನೆಯ ಕಾಳು ಚೆನ್ನಾಗಿ ದಪ್ಪವಾಗಿದ್ದರೆ ಆ ತಳಿಗೆ ಸಕ್ಕರೆಯ ಕೊರತೆ ಇತ್ತು, ಅಲ್ಲಿ ಎಲೆಯನ್ನು ಸುಧಾರಿಸಿದರೆ ನೇರ ಲಾಭ. ಕಾಳು ಮೊದಲಿನಷ್ಟೇ ಇದ್ದರೆ ಸಕ್ಕರೆ ಸಾಕಷ್ಟಿತ್ತು, ಕಾಳಿನ ಸಂಖ್ಯೆ ಕಡಿಮೆ. ಧ್ವಜ ಎಲೆ ಕತ್ತರಿಸಿದರೂ ಕಾಳು ಅಷ್ಟೇನೂ ಸೊರಗದಿದ್ದರೆ ದಂಟಿನಲ್ಲಿ ಕೂಡಿಟ್ಟ ಸಕ್ಕರೆ, ತೆನೆಯ ಹಸಿರು, ಅದರ ಮೇಲಿನ ಮುಳ್ಳುಗೂದಲಿನಂಥ ಉದ್ದನೆಯ ಸುಂಕು ಸೇರಿ ಆ ಕೆಲಸ ಮಾಡಿವೆ ಎಂದರ್ಥ. ಸುಂಕು ಕೂಡ ಬೆಳಕು ಹಿಡಿಯುತ್ತದೆ, ಅದನ್ನು ಎಲೆಯಷ್ಟೇ ಗೌರವದಿಂದ ನೋಡಿ.

ಕಾಳು ಹೆಚ್ಚಿದರೆ ಎಲೆಯೂ ಹೆಚ್ಚು ದುಡಿಯುತ್ತದೆ ಎಂಬುದಕ್ಕೆ ಚೆಂದದ ಉದಾಹರಣೆಯೊಂದಿದೆ. ಥೈನೊಪೈರಂ ಎಂಬ ಹುಲ್ಲಿನ ಕ್ರೋಮೋಸೋಮ್ ತುಂಡೊಂದನ್ನು ಗೋಧಿಗೆ ಸೇರಿಸಿದ್ದು ಎಲೆ ತುಕ್ಕು ರೋಗ ತಡೆಯುವ ಎಲ್‌ಆರ್ 19 ಜೀನ್‌ಗಾಗಿ. ನೀರಾವರಿಯಲ್ಲಿ ಬೆಳೆದು ನೋಡಿದರೆ ತೆನೆಯಲ್ಲಿ ಕಾಳು ಹೆಚ್ಚಿತ್ತು, ಹೂ ಬಂದ ನಂತರ ಧ್ವಜ ಎಲೆಯ ದುಡಿಮೆಯೂ ಹೆಚ್ಚಿತ್ತು, ಗಿಡದ ಒಟ್ಟು ತೂಕವೂ ಹೆಚ್ಚಿತ್ತು. ರೋಗಕ್ಕೆಂದು ತಂದದ್ದು ಇಳುವರಿಗೂ ಒದಗಿತು.

ಕೊಯ್ಲು ಮತ್ತು ಲೆಕ್ಕ

ತೆನೆಯ ಕೆಳಗಿನ ದಂಟು ಪೂರ್ತಿ ಹಳದಿಯಾದಾಗ ನೆಲಮಟ್ಟಕ್ಕೆ ಕೊಯ್ಯಿರಿ. ಕ್ರೇಟಿಗೊಂದು ಕಾಗದದ ಚೀಲ. ಒಂದು ವಾರ ಬಿಸಿಲಲ್ಲಿ ಒಣಗಿಸಿ ಮೊದಲು ಒಟ್ಟು ತೂಕ, ಆಮೇಲೆ ಬಡಿದು ಕಾಳಿನ ತೂಕ. ಜವೆ ಗೋಧಿಯ ಹೊಟ್ಟನ್ನು ಒರಳಲ್ಲಿ ಮೆಲ್ಲಗೆ ಕುಟ್ಟಿ ತೆಗೆದು ತೂಗಬೇಕು. ಹೊಟ್ಟಿನ ಸಮೇತ ತೂಗಿದರೆ ಹೋಲಿಕೆ ಕೆಡುತ್ತದೆ.

ಕಾಳಿನ ತೂಕವನ್ನು ಒಟ್ಟು ತೂಕದಿಂದ ಭಾಗಿಸಿದರೆ ಬರುವುದೇ ಹಾರ್ವೆಸ್ಟ್ ಇಂಡೆಕ್ಸ್, ಅಂದರೆ ಕಾಳಿನ ಪಾಲು. ಹೀಗೆ ಬಂತು ಅಂದುಕೊಳ್ಳಿ: ಎತ್ತರದ ತಳಿ 260 ಗ್ರಾಂ ತೂಗಿ 78 ಗ್ರಾಂ ಕಾಳು ಕೊಟ್ಟಿದೆ, ಪಾಲು 0.30. ಗಿಡ್ಡ ತಳಿ 220 ಗ್ರಾಂ ತೂಗಿ 99 ಗ್ರಾಂ ಕೊಟ್ಟಿದೆ, ಪಾಲು 0.45. ಕಾಳು ನೋಡಿದರೆ ಗಿಡ್ಡ ತಳಿ ಗೆದ್ದಿತು. ಆದರೆ ಬಿಸಿಲನ್ನು ಹೆಚ್ಚು ಹಿಡಿದದ್ದು ಎತ್ತರದ ತಳಿ. ಅದರ 260 ಗ್ರಾಂಗೆ ಗಿಡ್ಡ ತಳಿಯ 0.45 ಕೂಡಿಬಂದರೆ 117 ಗ್ರಾಂ ಕಾಳು. ತಳಿ ಕೂಡಿಸುವವರು ಹುಡುಕುವುದು ಆ 117ನ್ನು. ಕಾಳಿನ ತೂಕ ಒಂದನ್ನೇ ನೋಡಿದ್ದರೆ ಎತ್ತರದ ತಳಿಯನ್ನು ಬದಿಗೆ ಸರಿಸಿಬಿಡುತ್ತಿದ್ದೆವು.

ಕ್ರೇಟಿನ ಇಳುವರಿಯನ್ನು ಎಕರೆಗೆ ಗುಣಿಸಿ ಹೇಳಬೇಡಿ. ಇಲ್ಲಿ ಸಿಗುವುದು ತಳಿ ತಳಿಯ ಹೋಲಿಕೆ ಮಾತ್ರ.

ಎರಡು ತಳಿ ಕೂಡಿಸುವುದು

ಇದಕ್ಕೆ ಮೊದಲ ವರ್ಷದ ಅಳತೆ ಕೈಯಲ್ಲಿರಬೇಕು. ಎರಡನೇ ನವೆಂಬರ್‌ನಲ್ಲಿ ಜೋಡಿ ಆರಿಸಿ ಬಿತ್ತಿ. ಮೊದಲ ಸಲಕ್ಕೆ ಚಪಾತಿ ಗೋಧಿಯನ್ನು ಚಪಾತಿ ಗೋಧಿಯ ಜೊತೆ, ಅಥವಾ ಜವೆಯನ್ನು ಡ್ಯೂರಂ ಜೊತೆ ಕೂಡಿಸಿ. 42ರ ಗೋಧಿಗೆ 28ರ ಗೋಧಿ ಕೂಡಿಸಿದರೆ ಹುಟ್ಟುವ ಗಿಡಕ್ಕೆ 35 ಕ್ರೋಮೋಸೋಮ್. ಅವುಗಳಲ್ಲಿ ಎಷ್ಟೋ ಜೋಡಿ ಸಿಗದೆ ಉಳಿಯುತ್ತವೆ, ಕಾಳು ಸರಿಯಾಗಿ ಕಟ್ಟುವುದಿಲ್ಲ. ಎರಡೂ ಒಟ್ಟಿಗೆ ಹೂ ಬಿಡಬೇಕಾದ್ದರಿಂದ ತಂದೆ ತಳಿಯನ್ನು, ಅಂದರೆ ಪರಾಗ ಕೊಡುವುದನ್ನು, ಹತ್ತು ದಿನದ ಅಂತರದಲ್ಲಿ ಮೂರು ಸಲ ಬಿತ್ತಿಡಿ.

ಗೋಧಿ ತನ್ನ ಹೂವನ್ನು ತಾನೇ ಪರಾಗ ಮಾಡಿಕೊಳ್ಳುತ್ತದೆ, ಅದೂ ಹೊಟ್ಟು ತೆರೆಯುವ ಮೊದಲೇ. ಆದ್ದರಿಂದ ತಾಯಿ ತೆನೆ ಧ್ವಜ ಎಲೆಯ ಬುಡದ ಕವಚದಿಂದ ಅರ್ಧ ಹೊರಬಂದಾಗಲೇ ಕೈ ಹಾಕಬೇಕು. ತೆನೆಯ ತುದಿಯ, ಬುಡದ ಕೆಲವು ಕಿರುತೆನೆಗಳನ್ನು ಕಿತ್ತುಹಾಕಿ. ಉಳಿದ ಪ್ರತಿ ಕಿರುತೆನೆಯಲ್ಲೂ ನಡುವಿನ ಹೂಗಳನ್ನು ಚಿಮಟದಿಂದ ಹಿಡಿದು ಎಳೆದರೆ ಸಲೀಸಾಗಿ ಬರುತ್ತವೆ. ಪಕ್ಕದ ಎರಡು ಮಾತ್ರ ಇರಲಿ. ಪುಟ್ಟ ಕತ್ತರಿಯಿಂದ ಅವುಗಳ ಹೊಟ್ಟಿನ ಮೇಲ್ತುದಿ ಕತ್ತರಿಸಿ. ಬೆಳಕಿಗೆ ಹಿಡಿದು ಒಳಗೆ ನೋಡಿ. ಮೂರು ಪುಟ್ಟ ಪರಾಗಕೋಶಗಳು ನಿಂತಿರುತ್ತವೆ. ಹಸಿರಾಗಿದ್ದರೆ ಸರಿಯಾದ ಸಮಯ. ಹಳದಿಗೆ ತಿರುಗಿದ್ದರೆ ಆ ತೆನೆ ಬಿಡಿ, ಪರಾಗ ಆಗಲೇ ಉದುರಿರಬಹುದು. ಚಿಮಟದ ತುದಿ ಇಳಿಸಿ ಮೂರನ್ನೂ ಎತ್ತಿ. ಒಂದು, ಎರಡು, ಮೂರು ಅಂತ ಪ್ರತಿ ಹೂವಿಗೂ ಎಣಿಸಿ. ಒಂದು ಉಳಿದರೂ ಆ ಕಾಳು ತಾಯಿಯದ್ದೇ ಆಗುತ್ತದೆ. ಕೋಶ ಒಡೆದರೆ ಆ ಹೂವನ್ನೇ ಕಿತ್ತು, ಚಿಮಟವನ್ನು ಸ್ಪಿರಿಟ್‌ನಲ್ಲಿ ಒರೆಸಿ ಮುಂದುವರಿಯಿರಿ. ಇಪ್ಪತ್ತು ಹೂ ಸಾಕು. ತೆನೆಗೆ ಬಟರ್ ಪೇಪರ್ ಚೀಲ ಹಾಕಿ ಪಿನ್ ಮಾಡಿ, ತಾರೀಕು ಬರೆಯಿರಿ.

ಎರಡು–ಮೂರು ದಿನದಲ್ಲಿ ಹೆಣ್ಣು ಭಾಗ ಬಿಳಿ ಗರಿಯ ಹಾಗೆ ಅರಳುತ್ತದೆ. ಆ ದಿನ ಬೆಳಿಗ್ಗೆ ತಂದೆ ತೆನೆಯಲ್ಲಿ ಹಳದಿಯಾದ, ಇನ್ನೂ ಒಡೆಯದ ಪರಾಗಕೋಶ ಹುಡುಕಿ. ಕೈಯ ಬಿಸಿಗೆ ನಿಮಿಷದಲ್ಲಿ ಒಡೆಯುತ್ತದೆ. ಅದನ್ನು ಚಿಮಟದಲ್ಲಿ ಹಿಡಿದು ಗರಿಯ ಮೇಲೆ ಮೆಲ್ಲಗೆ ತಾಕಿಸಿ. ಗೋಧಿಯ ಪರಾಗ ಬಹಳ ಹೊತ್ತು ಬದುಕುವುದಿಲ್ಲ, ಕೂಡಿಟ್ಟು ಮಧ್ಯಾಹ್ನ ಹಾಕುತ್ತೇನೆ ಅಂದರೆ ಆಗದು. ಮತ್ತೆ ಚೀಲ ಹಾಕಿ. ಚೀಟಿಯಲ್ಲಿ ತಾಯಿಯ ಹೆಸರು ಮೊದಲು, ತಂದೆಯದ್ದು ಆಮೇಲೆ. ಹತ್ತು ದಿನ ಬಿಟ್ಟು ನೋಡಿದರೆ ಕತ್ತರಿಸಿದ ಹೊಟ್ಟಿನ ಮೇಲೆ ಕಾಳಿನ ತಲೆ ಕಾಣಿಸುತ್ತದೆ.

ಮುಂದಿನ ತಲೆಮಾರುಗಳು

ಕೂಡಿಸಿದ ಕಾಳಿನಿಂದ ಬರುವ ಮೊದಲ ತಲೆಮಾರಿನ ಗಿಡಗಳೆಲ್ಲ ಒಂದೇ ಥರ ಇರುತ್ತವೆ. ಅದನ್ನು ನೋಡಿ ಏನೂ ತೀರ್ಮಾನಿಸಬೇಡಿ. ಅದರ ಬೀಜ ಬಿತ್ತಿದಾಗ, ಎರಡನೇ ತಲೆಮಾರಿನಲ್ಲಿ ಗುಣಗಳು ಚೆದುರುತ್ತವೆ. ಜವೆ–ಡ್ಯೂರಂ ಜೋಡಿಯಾದರೆ ಎತ್ತರದ್ದು, ಗಿಡ್ಡದ್ದು, ಅಂಗೈಯಲ್ಲಿ ಉಜ್ಜಿದರೆ ಕಾಳು ಬಿಡುವುದು, ಒರಳೇ ಬೇಕೆನ್ನುವುದು ಎಲ್ಲ ಪಕ್ಕಪಕ್ಕದಲ್ಲಿ ಬರುತ್ತವೆ. ಕನಿಷ್ಠ ಇನ್ನೂರು ಗಿಡ ಬೇಕು. ತಾರಸಿ ಸಾಲದು. ಊರಲ್ಲಿ ಅಥವಾ ಕಾಲೇಜಿನಲ್ಲಿ ಒಂದು ಪಾತಿ ಕೇಳಿಕೊಳ್ಳಿ.

ಆಗ ಒಂಟಿ ಗಿಡದಲ್ಲಿ ಆರಿಸಬಹುದಾದ್ದು ಎತ್ತರ, ಹೂವಿನ ದಿನ, ತುಕ್ಕು ರೋಗ, ಹೊಟ್ಟು, ಇಂಥವನ್ನು ಮಾತ್ರ. ಎಲೆಯ ದುಡಿಮೆಯ ಹಿಂದೆ ಬಹಳ ಜೀನ್‌ಗಳಿವೆ, ಒಂದು ಗಿಡದ ಎಲೆ ತಂಪಾಗಿದೆ ಎಂದು ಆರಿಸಿದರೆ ಅದು ಆ ದಿನದ ಗಾಳಿಯ ಕೆಲಸವೂ ಆಗಿರಬಹುದು. ಪ್ರತಿ ತಲೆಮಾರಿಗೂ ಅಸ್ಥಿರತೆ, ಅಂದರೆ ತಾಯಿಯದ್ದೊಂದು ತಂದೆಯದ್ದೊಂದು ಎಂದು ಬೆರಕೆಯಾಗಿಯೇ ಉಳಿದ ಜೀನ್ ಜೋಡಿಗಳ ಪಾಲು, ಅರ್ಧಕ್ಕಿಳಿಯುತ್ತದೆ: ಎರಡನೆಯದರಲ್ಲಿ ಶೇ 50, ಮೂರನೆಯದರಲ್ಲಿ 25, ನಾಲ್ಕನೆಯದರಲ್ಲಿ 12.5. ನಾಲ್ಕನೇ ತಲೆಮಾರಿನಿಂದ ಒಂದೊಂದು ಸಾಲನ್ನೂ, ಅಂದರೆ ಆರಿಸಿದ ಒಂದೊಂದು ಗಿಡದ ಸಂತತಿಯನ್ನೂ, ಮೂರು ಕ್ರೇಟಿನಲ್ಲಿ ಬಿತ್ತಿ ತಾಪ, ಹಸಿರು, ಒಟ್ಟು ತೂಕ ಅಳೆಯಿರಿ. ಸಂಶೋಧನಾ ಕೇಂದ್ರಗಳು ಮಳೆಗಾಲದಲ್ಲಿ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ ಇನ್ನೊಂದು ಬೆಳೆ ತೆಗೆದು ವರ್ಷ ಉಳಿಸುತ್ತವೆ. ದಿನಕ್ಕೆ 22 ಗಂಟೆ ಬೆಳಕು ಕೊಟ್ಟು ವರ್ಷಕ್ಕೆ ಆರು ತಲೆಮಾರಿನವರೆಗೆ ತೆಗೆಯುವ ವಿಧಾನವೂ ಬಂದಿದೆ. ತಾರಸಿಯವರಿಗೆ ವರ್ಷಕ್ಕೊಂದೇ.

ಬೆಂಗಳೂರಿನ ಮಳೆಗಾಲದ ತೇವಕ್ಕೆ ಬೀಜ ಬೇಗ ಹುಳ ಹಿಡಿಯುತ್ತದೆ. ಚೆನ್ನಾಗಿ ಒಣಗಿಸಿ, ಹಲ್ಲಲ್ಲಿ ಕಚ್ಚಿದರೆ ಕಟ್ ಎನ್ನಬೇಕು. ಗಾಜಿನ ಬಾಟಲಿಗೆ ಹಾಕಿ, ಬಟ್ಟೆಯಲ್ಲಿ ಕಟ್ಟಿದ ಸಿಲಿಕಾ ಜೆಲ್ ಇಟ್ಟು, ಮುಚ್ಚಳ ಬಿಗಿದು ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಿ. ಒಳಗೊಂದು, ಹೊರಗೊಂದು ಚೀಟಿ ಇರಲಿ, ಪೆನ್ಸಿಲ್‌ನಲ್ಲಿ ಬರೆದದ್ದು. ನಾಲ್ಕು ಮೂಲ ತಳಿಗಳ ಬೀಜವನ್ನೂ ಪ್ರತಿ ವರ್ಷ ಒಂದೊಂದು ಹಿಡಿ ಎತ್ತಿಟ್ಟುಕೊಳ್ಳಿ. ಹೊಸ ಸಾಲುಗಳನ್ನು ಅಳೆಯುವ ಪ್ರತಿ ನವೆಂಬರ್‌ನಲ್ಲೂ ಅವುಗಳ ಪಕ್ಕದಲ್ಲಿ ತಾಯಿ, ತಂದೆ ಎರಡನ್ನೂ ಬಿತ್ತಬೇಕಾಗುತ್ತದೆ.